ಮೀನಿನ ಜಳಕದ ನೀರು

ಡಿಸ್ಕಸ್ ಮೀನಿನ ತವರು ಅಮೆಜಾನ್. ಅಲ್ಲಿ ನೀರಿಗೆ ಬರವಿಲ್ಲ. ನಮ್ಮ ಮನೆ ಇರುವುದು ಧಾರವಾಡದ ಸಪ್ತಾಪುರದಲ್ಲಿ. ಇಲ್ಲಿ ನಳ ಬಂದಾಗ ಬಂತು. ಆ ಮೀನನ್ನು ಈ ಮನೆಗೆ ತಂದರೆ ಏನಾಗುತ್ತದೆ ಎಂದು ಕೇಳುವವರಿಗೆ ಸುಮ್ನೆ ನಮ್ಮ ಬಚ್ಚಲು ತೋರಿಸುತ್ತೇನೆ. ಕಾಲಿಡಲು ಜಾಗವಿಲ್ಲ. ಎಲ್ಲಿ ನೋಡಿದರೂ ಡ್ರಮ್ಮು, ಕೊಡ, ಪೈಪು.

ನೋಡಲು ಮಾತ್ರ ಬಹಳ ಚಂದ. ಗುಂಡಗೆ, ಚಪ್ಪಟೆಯಾಗಿ, ಬೆಳೆದರೆ ಅಂಗೈ ಅಗಲಕ್ಕಿಂತ ದೊಡ್ಡದು. ಕಿತ್ತಳೆ ಮೈ ಮೇಲೆ ನೀಲಿ ಗೆರೆ. 1840ರಲ್ಲಿ ಹೆಕೆಲ್ ಎಂಬ ಆಸ್ಟ್ರಿಯಾದ ವಿಜ್ಞಾನಿ ಇದಕ್ಕೆ ಸಿಂಫಿಸೋಡಾನ್ ಡಿಸ್ಕಸ್ ಎಂದು ಹೆಸರಿಟ್ಟರು. ಮೀನು ಸಾಕುವವರು ಅಕ್ವೇರಿಯಂನ ರಾಜ ಎನ್ನುತ್ತಾರೆ. ನನ್ನ ಕೇಳಿದರೆ ಗಂಡಿನ ಕಡೆಯ ಬೀಗರು ಅನ್ನಬೇಕು. ಒಬ್ಬರೇ ಬರುವುದಿಲ್ಲ. ಐದಾರು ಜನ ಜೊತೆಗಿದ್ದರೇನೇ ಧೈರ್ಯ. ನೀರು 28ರಿಂದ 30 ಡಿಗ್ರಿ ಬೆಚ್ಚಗಿರಬೇಕು. ಸ್ವಲ್ಪ ಆರಿದರೂ ಮುಗಿಯಿತು. ಮೈ ಕಪ್ಪಗೆ ಮಾಡಿಕೊಂಡು, ಮೇಲಿಂದ ಕೆಳಗೆ ಪಟ್ಟೆ ಮೂಡಿಸಿಕೊಂಡು ಫಿಲ್ಟರ್ ಹಿಂದೆ ಹೋಗಿ ನಿಲ್ಲುತ್ತವೆ. ಏನು ಕಡಿಮೆಯಾಯಿತು ಅಂತ ಬಾಯಿಬಿಟ್ಟು ಹೇಳುವುದಿಲ್ಲ. ನಾವೇ ತಿಳಿದುಕೊಳ್ಳಬೇಕು.

ಹೆಚ್ಚಾಗಿ ತಕರಾರು ನೀರಿನದೇ. ನಮ್ಮ ತೊಟ್ಟಿ ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರ. 190 ಲೀಟರ್ ಹಿಡಿಯುತ್ತದೆ. ಮೀನುಗಳು ಬಿಡುವ ಅಮೋನಿಯಾವನ್ನು ಫಿಲ್ಟರ್‌ನಲ್ಲಿರುವ ಬ್ಯಾಕ್ಟೀರಿಯಾ ಮೊದಲು ನೈಟ್ರೈಟ್ ಮಾಡುತ್ತವೆ, ಆಮೇಲೆ ನೈಟ್ರೇಟ್ ಮಾಡುತ್ತವೆ. ಅಲ್ಲಿಗೆ ಅವುಗಳ ಡ್ಯೂಟಿ ಮುಗಿಯಿತು. ಆ ನೈಟ್ರೇಟ್ ಹೊರಗೆ ಹಾಕುವುದು ನನ್ನ ಪಾಲು. ಮೂರನೇ ಒಂದು ಭಾಗ ನೀರು ತೆಗೆದು ಹೊಸದು ಹಾಕಬೇಕು. ಅವ್ವನಿಗೆ ಇದು ತಲೆಗೇ ಹೋಗುವುದಿಲ್ಲ. "ನೀರಾಗ ಇರೋದಕ್ಕ ಮತ್ತ ನೀರ ಹಾಕೋದ್ಯಾಕಪಾ? ಇಲ್ಲೆ ಮಂದಿಗೆ ಜಳಕಕ್ಕ ನೀರಿಲ್ಲ!"

ಬೋರ್ ನೀರು ಹಾಕೋಣವೆಂದರೆ ಅದು ಗಡಸು. ನಮ್ಮ ಹಂಡೆಯ ತಳದಲ್ಲಿ ಬೆಳ್ಳಗೆ ಕಟ್ಟಿರುವ ಪದರ ನೋಡಿದರೆ ಸಾಕು. ಇವಕ್ಕೆ ಮೆದು ನೀರೇ ಆಗಬೇಕು. ಸವದತ್ತಿಯ ರೇಣುಕಾ ಸಾಗರದಿಂದ ಬರುವ ಮಲಪ್ರಭೆಯ ನೀರು ನಡೆಯುತ್ತದೆ, ಆದರೆ ಅದರಲ್ಲಿ ಕ್ಲೋರಿನ್ ಇರುತ್ತದೆ. ಮೀನಿನ ಕಿವಿರು ಸುಡುತ್ತದೆ. ಹಾಗಾಗಿ ನಳದ ನೀರನ್ನು ನೀಲಿ ಡ್ರಮ್ಮಿಗೆ ತುಂಬಿ, ಏರ್ ಪಂಪ್ ಬಿಟ್ಟು ಒಂದು ದಿನ ಗುಳುಗುಳು ಅನ್ನಿಸಿ, ಹೀಟರ್ ಇಳಿಬಿಟ್ಟು ಬೆಚ್ಚಗೆ ಮಾಡಿ, ಆಮೇಲೆ ತೊಟ್ಟಿಗೆ. ನಡುರಾತ್ರಿ ನಳ ಮೊದಲು ಸುಸ್ಸ್ ಎಂದು ಗಾಳಿ ಬಿಡುತ್ತದೆ. ಆ ಸದ್ದಿಗೆ ಇಡೀ ಮನೆ ಏಳುತ್ತದೆ. ಹೆಂಡತಿ ಕುಡಿಯುವ ನೀರಿನ ಕೊಡ ಹಿಡಿದು ಓಡುತ್ತಾಳೆ, ನಾನು ಡ್ರಮ್ಮಿನ ಪೈಪ್ ಹಿಡಿದು ಓಡುತ್ತೇನೆ. ಯಾರು ಗೆಲ್ಲುತ್ತಾರೆ ಎಂದು ಬರೆಯುವುದು ಬೇಡ.

ಊಟದ್ದು ಇನ್ನೊಂದು ಕಥೆ. ಇವಕ್ಕೆ ಜೀವ ಅಂದರೆ ಬ್ಲಡ್ ವರ್ಮ್. ಸೊಳ್ಳೆಯಂತೆ ಕಂಡರೂ ಕಚ್ಚದ ಒಂದು ನುಸಿಯ ಕೆಂಪು ಮರಿಹುಳು ಅದು. ಹೆಪ್ಪುಗಟ್ಟಿಸಿ ಚೌಕ ತುಂಡು ಮಾಡಿ ಮಾರುತ್ತಾರೆ. ನಮ್ಮದು ಉಳ್ಳಾಗಡ್ಡಿ ತಿನ್ನಲೂ ವಾರ ನೋಡುವ ಮನೆ. ಇದನ್ನು ಫ್ರಿಜ್‌ನಲ್ಲಿಡುವ ಮಾತು ತೆಗೆದದ್ದೇ ತಡ, ಅಡುಗೆಮನೆಯಲ್ಲಿ ಪಾತ್ರೆ ಸದ್ದು ಜಾಸ್ತಿಯಾಯಿತು. ಕೊನೆಗೆ ಪಡಸಾಲೆಗೆ ಒಂದು ಹಳೆಯ ಸಣ್ಣ ಫ್ರಿಜ್ ಬಂತು. ಶ್ರಾವಣದಲ್ಲಿ ಅವ್ವ ಹೊಸ ತಕರಾರು ತೆಗೆದಳು. "ಮನ್ಯಾಗ ಎಲ್ಲಾರೂ ಸೋಮವಾರ ಹಿಡದೀವಿ. ಅವಕ್ಕೂ ಆ ಹುಳ ಬಿಡಸು." ಸ್ಪಿರುಲಿನಾ ಚಕ್ಕೆ ಹಾಕಿದೆ. ಸ್ಪಿರುಲಿನಾ ಅಂದರೆ ಪಾಚಿ, ಅವ್ವ ಒಪ್ಪಿದಳು. ಡಬ್ಬಿಯ ಹಿಂದೆ ಸಣ್ಣಕ್ಷರದಲ್ಲಿ ಮೀನಿನ ಪುಡಿ ಅಂತಲೂ ಇತ್ತು. ಅವಳು ಕನ್ನಡಕ ಹಾಕಿರಲಿಲ್ಲ, ನಾನೂ ಓದಿ ಹೇಳಲಿಲ್ಲ. ಒಂದು ಮೀನು ಬಾಯಿಗೆ ತೆಗೆದುಕೊಂಡು, ಸ್ವಲ್ಪ ಹೊತ್ತು ಚಪ್ಪರಿಸಿ, ಥೂ ಅಂತ ಉಗುಳಿತು. ಉಳಿದವು ಹತ್ತಿರವೂ ಬರಲಿಲ್ಲ. ಅವ್ವನ ಪ್ರಕಾರ ಉಪವಾಸ ಚೆನ್ನಾಗಿ ನಡೆಯಿತು.

ಡಿಸೆಂಬರ್‌ನಲ್ಲಿ ಹೆಂಡತಿಯ ಸೋದರಮಾವ ಗದಗಿನಿಂದ ಒಂದು ಲಗ್ನಕ್ಕೆ ಬಂದರು. ಬೆಳಿಗ್ಗೆ ನಾವಿನ್ನೂ ಎದ್ದಿರಲಿಲ್ಲ, ಮಾಮಾ ಬಚ್ಚಲಿಗೆ ಹೋಗಿದ್ದಾರೆ. ನೋಡಿದರೆ ಡ್ರಮ್ ತುಂಬಾ ತಿಳಿ ನೀರು, ಉಗುರುಬೆಚ್ಚಗೆ, ಮೇಲೆ ಗುಳ್ಳೆ ಬೇರೆ. ಒಳಗೆ ಸಣ್ಣದೊಂದು ಕೆಂಪು ದೀಪ. ಹೊಸ ನಮೂನೆಯ ಗೀಸರ್ ಅಂತ ತಿಳಿದು, ಡ್ರಮ್ಮಿನ ತಳ ಕಾಣುವವರೆಗೂ ಮೈಮೇಲೆ ಸುರಿದುಕೊಂಡಿದ್ದಾರೆ. "ಬಿಸಿ ಒಂದೀಟು ಕಡಿಮಿ ಬಿತ್ತು ನೋಡ್ರಿ. ಆದ್ರೂ ಭಾಳ ಛಲೋ ಆತು. ಗದಗಿನಾಗ ಹಿಂಗ ನೀರು ಸುರಕೊಂಡು ಎಷ್ಟ ವರ್ಷಾತೋ!" ಟವೆಲ್ ಹೊದ್ದು ಚಹಾಕ್ಕೆ ಕುಳಿತವರಿಗೆ ಏನಂತ ಹೇಳುವುದು? ಕರೆಂಟಿನ ಹೀಟರ್ ಪಕ್ಕದಲ್ಲೇ ತಂಬಿಗೆ ಅದ್ದಿದ ಮನುಷ್ಯ ಆರಾಮಾಗಿ ಕುಳಿತಿದ್ದಾರಲ್ಲ, ಅದೇ ದೊಡ್ಡದು. ಅಷ್ಟರಲ್ಲಿ ಒಳಗೆ ಚಟ್ ಎಂದಿತು. ನೀರಿಲ್ಲದೆ ಕಾದ ಹೀಟರಿನ ಗಾಜು ಬಿರಿದಿತ್ತು.

ಆ ರಾತ್ರಿಯೇ ಕರೆಂಟೂ ಹೋಗಬೇಕೇ? ತೊಟ್ಟಿಯ ಹೀಟರ್ ಆರಿತು, ಪಂಪ್ ನಿಂತಿತು. ನಮ್ಮಲ್ಲಿ ಇನ್ವರ್ಟರ್ ಇಲ್ಲ. ಥರ್ಮಾಮೀಟರ್ 26ಕ್ಕೆ ಇಳಿಯಿತು. ಅವ್ವ ಮಾತಾಡದೆ ತನ್ನ ಕೌದಿ ತಂದು ತೊಟ್ಟಿಗೆ ಸುತ್ತಿದಳು. ಹೆಂಡತಿ ನೀರು ಕಾಯಿಸಿ, ಬಾಟಲಿಗೆ ತುಂಬಿ, ಬಿಗಿಯಾಗಿ ಮುಚ್ಚಿ ತೇಲಿಬಿಟ್ಟಳು. ಜಳಕದ ವಿಷಯ ಅಷ್ಟೊತ್ತಿಗೆ ಮಾಮಾಗೆ ತಿಳಿದಿತ್ತು. ಮಂಕಿ ಕ್ಯಾಪ್ ಹಾಕಿಕೊಂಡು ಸ್ಟೂಲ್ ಮೇಲೆ ಕುಳಿತರು. ಗಾಳಿ ಬೆರೆಯಲಿ ಅಂತ ಅದೇ ತಂಬಿಗೆಯಿಂದ ನೀರು ಎತ್ತಿ ಎತ್ತಿ ಸುರಿದರು. ನಡುನಡುವೆ ಟಾರ್ಚ್ ಬಿಟ್ಟು, "ಈ ಕರೇದು ಯಾಕೋ ನನ್ನ ಕಡೆನ ನೋಡಾಕತ್ತೈತಲ್ರಿ" ಅನ್ನುವರು. ಅವರಿಗೆ ನಿದ್ದೆ ಬರಬಾರದೆಂದು ಅವ್ವ ಶ್ರಾವಣದ ಉಪವಾಸದ ಕಥೆಯನ್ನೆಲ್ಲ ಹೇಳಿದಳು. ಬೆಳಗಿನ ಜಾವ ಕರೆಂಟ್ ಬಂತು. ಎಲ್ಲ ಮೀನೂ ಉಳಿದವು.

ಮುಂದೆ ನಳ ಬಂದಾಗ ಧಾರಾಳವಾಗಿ ನೀರು ಬದಲಿಸಿದೆ. ಹೊಸ ನೀರು ಬಿದ್ದರೆ ಮೊಟ್ಟೆ ಇಡುವ ಚಾಳಿ ಇವಕ್ಕಿದೆ. ಒಂದು ಜೋಡಿ ಫಿಲ್ಟರಿನ ಪೈಪನ್ನು ಬಾಯಿಂದ ಉಜ್ಜಿ ಉಜ್ಜಿ ತೊಳೆದು, ಸಾಲಾಗಿ ಮೊಟ್ಟೆ ಇಟ್ಟಿತು. ಎರಡು ಮೂರು ದಿನಕ್ಕೆ ಒಡೆಯುತ್ತವೆ. ಈಜಲು ಕಲಿತ ಮರಿಗಳು ಅಪ್ಪ ಅಮ್ಮನ ಮೈಮೇಲಿನ ಲೋಳೆಯನ್ನೇ ತಿಂದು ಬೆಳೆಯುತ್ತವೆ ಎಂದು ಮಾಮಾಗೆ ಹೇಳಿದೆ. ಅವರಿಗೆ ಅದೆಷ್ಟು ಹಿಡಿಸಿತೆಂದರೆ ಬೆಳಿಗ್ಗೆ, ಸಂಜೆ ಗದಗಿನಿಂದ ಫೋನು. ಸೊಸೆ ಹೇಗಿದ್ದಾಳೆಂದು ಒಮ್ಮೆಯೂ ಕೇಳಲಿಲ್ಲ.

ಮೂರನೇ ದಿನ ಎದ್ದು ನೋಡಿದರೆ ಪೈಪ್ ಖಾಲಿ. ಮೊದಲ ಸಲ ಮೊಟ್ಟೆ ಇಟ್ಟವು ತಾವೇ ತಿಂದುಬಿಡುವುದು ಸಾಮಾನ್ಯ. ಮಾಮಾಗೆ ಹೇಳಿದೆ. ಅವರು ದನಿ ತಗ್ಗಿಸಿದರು.

"ನಿಮ್ಮವ್ವಾರು ಮತ್ತ ಸೋಮವಾರ ಹಿಡಿಸಿದ್ರೇನ್ರಿ?"