ಸ್ಪಷ್ಟನೆ: ‘ಸ್ಥಳೀಯ’ ಎಂದ ಮಾತ್ರಕ್ಕೆ ನ್ಯಾಯವಾದ ಕೂಲಿ ಎಂದಲ್ಲ

ಸ್ಥಳೀಯವಾಗಿ ಬೆಳೆದ ಆಹಾರವನ್ನು ಕೊಂಡರೆ ಅದಕ್ಕಾಗಿ ದುಡಿದವರಿಗೆ ನ್ಯಾಯವಾದ ಕೂಲಿ ತಾನಾಗಿಯೇ ಸಲ್ಲುತ್ತದೆ ಎಂಬ ಮಾತು ಹರಿದಾಡುತ್ತಿದೆ, ಇದು ಸರಿಯಲ್ಲ. ‘ಸ್ಥಳೀಯ’ ಎಂಬುದು ಹೊಲಕ್ಕೂ ತಟ್ಟೆಗೂ ನಡುವಿನ ದೂರವನ್ನಷ್ಟೇ ಹೇಳುತ್ತದೆ. ಹಣ ನೇರವಾಗಿ ಬೆಳೆಗಾರರ ಕೈ ಸೇರಿದರೂ, ಬುಟ್ಟಿಯ ಲೆಕ್ಕದಲ್ಲಿ ಹಣ್ಣು ಕೊಯ್ಯುವ ಕೂಲಿಯಾಳಿಗೆ, ತೂಕ ಹಾಕಿಸಲು ಸರದಿಯಲ್ಲಿ ನಿಂತ ಹೊತ್ತಿಗಾಗಲಿ, ಮಳೆ ಬಂದು ಕೆಲಸ ನಿಂತ ಹೊತ್ತಿಗಾಗಲಿ ಬಿಡಿಗಾಸೂ ಸಿಗದಿರಬಹುದು. ಕೃಷಿಯಲ್ಲಿ ಕನಿಷ್ಠ ವೇತನ ನಿಗದಿಪಡಿಸುವ ವ್ಯವಸ್ಥೆ ಇರಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು 1951ರಲ್ಲೇ ತನ್ನ 99ನೇ ಒಡಂಬಡಿಕೆಯನ್ನು ಅಂಗೀಕರಿಸಿತಾದರೂ, ಅದನ್ನು ಅನುಮೋದಿಸಿದ ದೇಶಗಳಿಗೆ ಮಾತ್ರ ಅದು ಅನ್ವಯಿಸುತ್ತದೆ. ಕೂಲಿಯ ಒಂದು ಭಾಗವನ್ನು ವಸ್ತುರೂಪದಲ್ಲಿ ಕೊಡಲೂ ಅದರಲ್ಲಿ ಅವಕಾಶವಿದೆ. ಸಣ್ಣ ಬೆಳೆಗಾರರೆಲ್ಲ ಶೋಷಕರೆಂದು ಇದರ ಅರ್ಥವಲ್ಲ. ಅವರಲ್ಲಿ ಹಲವರಿಗೆ ತಮ್ಮದೇ ದುಡಿಮೆಯ ಕೂಲಿಯೂ ಗಿಟ್ಟುವುದಿಲ್ಲ.