ರೂರ್ ನಾಲೆ ಏರಿ ಮೇಲೆ ಜಲ್ಲಿ ಸವಾರಿ

ಜರ್ಮನಿಯ ರೂರ್ ಸೀಮೆಯಲ್ಲಿ ಸೈಕಲ್ ಹೊಡೆಯಬೇಕು ಅಂದರೆ ಒಂದೋ ನಾಲೆ ಪಕ್ಕ ಹೋಗಬೇಕು, ಇಲ್ಲಾ ಕಸದ ಗುಡ್ಡ ಹತ್ತಬೇಕು. ಎರಡನ್ನೂ ದೇವರು ಮಾಡಿದ್ದಲ್ಲ. 150 ವರ್ಷಕ್ಕೂ ಜಾಸ್ತಿ ಕಾಲ ಇಲ್ಲಿಯವರು ನೆಲ ಅಗೆದು ಕಲ್ಲಿದ್ದಲು ತೆಗೆದರು. ಅದನ್ನು ಸಾಗಿಸೋಕೆ ನಾಲೆ ತೋಡಿದರು. ಜೊತೆಗೆ ಬಂದ ಕೆಲಸಕ್ಕೆ ಬಾರದ ಕಲ್ಲನ್ನು ತಂದು ಗುಡ್ಡ ಒಟ್ಟಿದರು. 2018ರ ಡಿಸೆಂಬರ್‌ನಲ್ಲಿ ಬಾಟ್ರೊಪ್ ಅನ್ನೋ ಊರಿನಲ್ಲಿ ಕೊನೆಯ ಗಣಿಯೂ ಮುಚ್ಚಿತು. ಈಗ ಆ ಗುಡ್ಡಗಳನ್ನು ಭಾನುವಾರ ನಮ್ಮಂಥ ಐಟಿ ಜನ ಏದುಸಿರು ಬಿಡುತ್ತಾ ಹತ್ತುತ್ತಾರೆ.

ನನ್ನನ್ನು ಇದಕ್ಕೆ ಎಳೆದವನು ಹುಬ್ಬಳ್ಳಿಯ ಗೆಳೆಯ. ಅವನು ಗ್ರಾವೆಲ್ ಬೈಕ್ ತಗೊಂಡ. ನನಗೂ ತೆಗೆಸಿದ. ಗ್ರಾವೆಲ್ ಬೈಕ್ ಅಂದರೆ ಏನು? ರೇಸ್ ಸೈಕಲ್‌ಗೆ ದಪ್ಪ ಟೈರ್ ಹಾಕಿ, ಉಪಯೋಗಕ್ಕೆ ಬರುವುದನ್ನೆಲ್ಲ ಬಿಚ್ಚಿಟ್ಟುಕೊಂಡು, ಬೆಲೆ ಏರಿಸಿ ಮಾರುವ ಸೈಕಲ್. ಮಡ್‌ಗಾರ್ಡ್ ಇಲ್ಲ. ಕ್ಯಾರಿಯರ್ ಇಲ್ಲ. ವಿಡಿಯೋ ಕಾಲ್‌ನಲ್ಲಿ ಅಮ್ಮನಿಗೆ ತೋರಿಸಿದೆ. ಸೈಕಲ್ ಗೋಡೆಗೆ ಒರಗಿತ್ತು.

"ಸ್ಟ್ಯಾಂಡ್ ಎಲ್ಲೈತ್ಲಾ?"

"ಇದಕ್ಕೆ ಸ್ಟ್ಯಾಂಡ್ ಬರಲ್ಲಮ್ಮ."

"ಅಷ್ಟು ದುಡ್ ಈಸ್ಕೊಂಡು ಒಂದ್ ಸ್ಟ್ಯಾಂಡೂ ಕೊಡ್ಲಿಲ್ವಾ? ವಾಪಸ್ ಕೊಟ್ಬುಡು."

ನಾನು ಮಂಡ್ಯದವನು. ವಿ.ಸಿ. ನಾಲೆ ಏರಿ ಮೇಲೆ, ಅಡ್ಡಗಾಲು ಹಾಕಿ, ಅಪ್ಪನ ಸೈಕಲ್ ಕಲಿತವನು. ಜಲ್ಲಿ ದಾರಿಯೂ ಗೊತ್ತು, ನಾಲೆಯೂ ಗೊತ್ತು ಅಂತ ಒಂದು ಧೈರ್ಯ ಇತ್ತು. ಆದರೆ ನಮ್ಮ ನಾಲೆ ಗದ್ದೆಗೆ ನೀರು ಬಿಡೋಕೆ. ಇಲ್ಲಿಯ ರೈನ್-ಹೆರ್ನೆ ನಾಲೆ ಹಡಗು ಬಿಡೋಕೆ. 1914ರಲ್ಲಿ ಶುರುವಾದದ್ದು, ಸುಮಾರು 45 ಕಿಲೋಮೀಟರ್ ಉದ್ದ. ಈಗಲೂ ಉದ್ದುದ್ದ ಬಾರ್ಜ್‌ಗಳು ಹೋಗುತ್ತಿರುತ್ತವೆ. ಹಿಂಭಾಗದಲ್ಲಿ ಸಾಕ್ಷಾತ್ ಮನೆ, ಕಿಟಕಿಗೆ ಪರದೆ, ಹಗ್ಗದ ಮೇಲೆ ಬಟ್ಟೆ ಒಣಗುತ್ತಿರುತ್ತೆ, ಮೇಲೊಂದು ಕಾರು ನಿಂತಿರುತ್ತೆ. ನಾವು ಬೆವರು ಸುರಿಸಿ ತುಳಿಯುತ್ತಿದ್ದರೆ ಅವರು ಕಾಫಿ ಕುಡಿಯುತ್ತಾ ಕೈ ಬೀಸುತ್ತಾರೆ.

ನಾಲೆ ಪಕ್ಕದ ದಾರಿ ಬಹಳ ಚೆನ್ನಾಗಿದೆ. ಸಣ್ಣ ಜಲ್ಲಿ ಹಾಕಿ ಗಟ್ಟಿಯಾಗಿ ರೋಲ್ ಮಾಡಿದ್ದಾರೆ. ತಕರಾರು ದಾರಿಯದಲ್ಲ, ದಡದ್ದು. ನಾಲೆಗೆ ಜೋಡಿಯಾಗಿ ಎಮ್ಷರ್ ಅನ್ನೋ ನದಿ ಹರಿಯುತ್ತೆ. ಎರಡರ ನಡುವೆ ಉಳಿದ ನೆಲ ಒಂದು ದ್ವೀಪ. ಉದ್ದ ಸುಮಾರು 34 ಕಿಲೋಮೀಟರ್, ಅಗಲ ಕೆಲವು ಕಡೆ ಒಂದು ಓಣಿಯಷ್ಟೂ ಇಲ್ಲ. ಗೆಳೆಯನ ಫೋನ್ ನಮ್ಮನ್ನು ಸೀದಾ ಆ ದ್ವೀಪಕ್ಕೆ ಇಳಿಸಿತು. ಹೊಟ್ಟೆ ಹಸಿದಿತ್ತು. ಎದುರು ದಡದಲ್ಲಿ ಒಬ್ಬರು ಆಲೂಗಡ್ಡೆ ಫ್ರೈಸ್ ತಿನ್ನುತ್ತಿದ್ದರು. ಮೇಲೆ ಸುರಿದ ಮಯೊನೀಸ್ ಸಮೇತ ಕಾಣುತ್ತಿತ್ತು. ನಮಗೂ ಅದಕ್ಕೂ ನಡುವೆ ಇದ್ದದ್ದು ಬರೀ ನೀರು. ಸೇತುವೆ ಎಲ್ಲಿದೆ? ಫೋನ್ ಹೇಳಿತು, ಮುಂದಿದೆ. ಅಲ್ಲಿ ಹೋದರೆ ಅದು ರೈಲಿನ ಸೇತುವೆ. ಅದರ ಮುಂದಿನದು ಗ್ಯಾಸ್ ಪೈಪಿನದು. ಈ ಸೀಮೆಯಲ್ಲಿ ಕಬ್ಬಿಣ, ಗ್ಯಾಸ್, ಕಲ್ಲಿದ್ದಲು ಎಲ್ಲಕ್ಕೂ ಸೇತುವೆ ಕಟ್ಟಿದ್ದಾರೆ. ಹಸಿದವನಿಗೆ ಮಾತ್ರ ಸುತ್ತು ದಾರಿ.

ಎಮ್ಷರ್ ಕಥೆಯನ್ನು ಮೂಗು ಮುಚ್ಚಿಕೊಂಡೇ ಹೇಳಬೇಕು. ನೂರು ವರ್ಷ ಇದು ಬಯಲು ಚರಂಡಿ ಆಗಿತ್ತು. ಇಡೀ ಸೀಮೆಯ ಕೊಳಕು ನೀರು ಕಾಂಕ್ರೀಟ್ ಕಾಲುವೆಯಲ್ಲಿ ಎಲ್ಲರ ಕಣ್ಣೆದುರೇ ಹರಿಯುತ್ತಿತ್ತು. ಜರ್ಮನರಿಗೆ ಪೈಪ್ ಹೂಳೋಕೆ ಬರಲಿಲ್ಲ ಅಂತಲ್ಲ. ಕೆಳಗೆ ಗಣಿ ಅಗೆದಂತೆ ಮೇಲೆ ನೆಲ ಕುಸಿಯುತ್ತಿತ್ತು. ಹೂತ ಪೈಪೆಲ್ಲ ಮುರಿದು ಹೋಗುತ್ತಿತ್ತು. ಗಣಿಗಾರಿಕೆ ಉತ್ತರಕ್ಕೆ ಸರಿದ ಮೇಲೆ, 1992ರಲ್ಲಿ ರಿಪೇರಿ ಕೆಲಸ ಶುರುವಾಯಿತು. ಉದ್ದಕ್ಕೂ ನೆಲದಾಳದಲ್ಲಿ ದೊಡ್ಡ ಕೊಳವೆ ಹಾಕಿದರು. 500 ಕೋಟಿ ಯೂರೋಗಿಂತ ಜಾಸ್ತಿ ಖರ್ಚಾಯಿತು. 2022ರ ಹೊತ್ತಿಗೆ ನದಿಗೆ ಚರಂಡಿ ನೀರು ಬರುವುದು ನಿಂತಿತು. ಈಗ ಮೀನು ಬಂದಿವೆ.

ಹೆಬ್ಬಾತುಗಳೂ ಬಂದಿವೆ. ಕೆನಡಾ ಹೆಬ್ಬಾತು, ಈಜಿಪ್ಟ್ ಹೆಬ್ಬಾತು, ಮರಿಗಳ ಸಮೇತ. ಗಂಡಿನ ಕಡೆ ಬೀಗರ ಹಾಗೆ ದಾರಿ ಮಧ್ಯದಲ್ಲೇ ನಿಲ್ಲುತ್ತವೆ, ಸರಿಯುವುದಿಲ್ಲ, ಸರಿಯಿರಿ ಅಂದರೆ ಸಿಟ್ಟಾಗುತ್ತವೆ. ಒಂದು ದೊಡ್ಡದು ಕತ್ತು ನೆಲಕ್ಕೆ ಚಾಚಿ ಬುಸ್ ಅಂತ ಗೆಳೆಯನ ಮೀನಖಂಡಕ್ಕೇ ಬಂತು. ಅವನು ಸೈಕಲ್ ಎತ್ತಿ ಅಡ್ಡ ಹಿಡಿದ. ಇನ್ನು ಅವು ಬಿಟ್ಟುಹೋಗುವ ಹಸಿರು ಹಿಕ್ಕೆ. ಮಡ್‌ಗಾರ್ಡ್ ಇಲ್ಲದ ಸೈಕಲ್ ಮುಂದಿನವನದಾದರೆ ಅದು ಹಿಂದಿನವನ ಮುಖಕ್ಕೆ. ಹಿಂದೆ ಇದ್ದವನು ನಾನು.

ಗುಡ್ಡದ ವಿಷಯ ಬೇರೆ. ಫ್ಲಾಟ್ ರೂಟ್ ಅಂತ ಕರೆದುಕೊಂಡು ಹೋಗಿದ್ದ. ನಾಡು ಸಪಾಟಾಗಿಯೇ ಇದೆ, ಸುಳ್ಳಲ್ಲ. ಅದರ ಮೇಲೆ ಒಟ್ಟಿದ್ದನ್ನು ಹೇಳಿರಲಿಲ್ಲ, ಅಷ್ಟೇ. ಕೆಜಿಎಫ್‌ನ ಸೈನೈಡ್ ದಿಬ್ಬ ನೋಡಿದ್ದವನಿಗೆ ಇವನ್ನು ನೋಡಿದರೆ ಹೊಟ್ಟೆ ಉರಿಯುತ್ತೆ. ಮೇಲೆ ಬರ್ಚ್ ಮರ, ಬೆಂಚು, ಮೆಟ್ಟಿಲು, ಕಲಾಕೃತಿ. ಕೆಜಿಎಫ್ ಗಣಿ ಮುಚ್ಚಿದ್ದು 2001ರಲ್ಲಿ. ಅದೇ ವರ್ಷ ಎಸ್ಸೆನ್ ಊರಿನ ಮುಚ್ಚಿದ ಗಣಿ ತ್ಸೋಲ್‌ಫೆರೈನ್ ಯುನೆಸ್ಕೋ ಪಟ್ಟಿಗೆ ಸೇರಿತು. ಇರಲಿ ಬಿಡಿ, ಭಾನುವಾರ ಯಾಕೆ ಆ ಮಾತು.

ಬಾಟ್ರೊಪ್‌ನ ಗುಡ್ಡದ ತುದಿಯಲ್ಲಿ 1995ರಲ್ಲಿ ಉಕ್ಕಿನ ಕೊಳವೆಗಳ ಒಂದು ಪಿರಮಿಡ್ ನಿಲ್ಲಿಸಿದ್ದಾರೆ. ಸುಮಾರು 50 ಮೀಟರ್ ಎತ್ತರ. ಒಳಗೆ ಅಟ್ಟಣೆಗಳನ್ನು ಉಕ್ಕಿನ ಹಗ್ಗದಲ್ಲಿ ತೂಗುಬಿಟ್ಟಿದ್ದಾರೆ. ಮೆಟ್ಟಿಲು ಬರೀ ಜಾಲರಿ. ಪಾದದ ಕೆಳಗೆ ನೆಲ ಪೂರ್ತಿ ಕಾಣುತ್ತೆ. ಗಾಳಿ ಬೀಸಿದರೆ ಎಲ್ಲ ಸಣ್ಣಗೆ ತೂಗುತ್ತೆ. ಮೇಲಿನ ಅಟ್ಟಣೆ ಸಾಲದು ಅಂತ ವಾಲಿಕೊಂಡೂ ಇದೆ. ಬೇಕಂತಲೇ ಹಾಗೆ ಮಾಡಿದ್ದಂತೆ. ಗೆಳೆಯ ನಡುವಿನ ಅಟ್ಟಣೆಯಲ್ಲಿ ಕಂಬಿ ತಬ್ಬಿಕೊಂಡು ನಿಂತುಬಿಟ್ಟ. ಅಷ್ಟರಲ್ಲಿ ಸುಮಾರು ಐದು ವರ್ಷದ ಹುಡುಗಿಯೊಂದು ಐಸ್‌ಕ್ರೀಮ್ ನೆಕ್ಕುತ್ತಾ ಅವನನ್ನು ದಾಟಿ ಮೇಲೆ ಹೋಯಿತು.

"ಇಳಿಯೋಣ್ವಾ?" ಅಂದೆ.

"ತಡಿಯೋ ಮಾರಾಯಾ, ವ್ಯೂ ನೋಡಾಕತ್ತೇನಿ." ಕಣ್ಣು ಮುಚ್ಚಿಕೊಂಡಿತ್ತು.

ವ್ಯೂ ನಿಜವಾಗಲೂ ನೋಡುವಂಥದೇ. ಚಿಮಣಿ, ಕಾಡು, ನಾಲೆ, ಮನೆಗಳು. ಆ ಮನೆಗಳ ಕೆಳಗಿನ ನೆಲ ಕೆಲವು ಕಡೆ 20 ಮೀಟರ್‌ಗಿಂತಲೂ ಕೆಳಗೆ ಕುಸಿದಿದೆ. ಹಗಲು ರಾತ್ರಿ ಪಂಪ್ ಓಡಿಸಿ ನೀರು ಎತ್ತಿಹಾಕುತ್ತಿರಬೇಕು, ಇಲ್ಲದಿದ್ದರೆ ತಗ್ಗಿನಲ್ಲಿರೋ ಬಡಾವಣೆಗಳೆಲ್ಲ ಕೆರೆ. ಗಣಿ ಮುಚ್ಚಿದೆ, ಪಂಪ್ ಯಾವತ್ತೂ ಮುಚ್ಚುವ ಹಾಗಿಲ್ಲ. ಈ ಶಾಶ್ವತ ಖರ್ಚು ನೋಡಿಕೊಳ್ಳೋಕೇ ಅಂತ ಒಂದು ಪ್ರತಿಷ್ಠಾನ ಇದೆ. ಕರೆಂಟ್ ಇದ್ದಾಗ ಮಾತ್ರ ಮೋಟರ್ ಓಡಿಸಿ ಬೆಳೆದ ನನಗೆ ಇದನ್ನು ಕೇಳಿಯೇ ಎದೆ ಧಸಕ್ ಅಂತು.

ಇಳಿಯುವಾಗ ಮಳೆ ಹಿಡಿಯಿತು. ಗುಡ್ಡದ ಕಲ್ಲು ಕರಿ ಬೂದು ಬಣ್ಣದ್ದು. ಒಣಗಿದ್ದಾಗ ಧೂಳು, ನೆನೆದರೆ ರಾಡಿ. ಚಕ್ರ ಎಸೆದ ಆ ರಾಡಿ ಬೆನ್ನಿಗೆ, ಕುತ್ತಿಗೆಗೆ, ಕಿವಿಯೊಳಕ್ಕೆ. ಬ್ರೇಕ್ ಹಿಡಿದರೆ ಗರಗರ ಸದ್ದು. ಗೆಳೆಯನ ಹೊಸ ಬಿಳಿ ಸಾಕ್ಸ್ ಯಾವುದು, ಕಾಲು ಯಾವುದು ಅಂತ ಗೊತ್ತಾಗುತ್ತಿರಲಿಲ್ಲ.

ಕೆಳಗೆ ರಸ್ತೆ ಮೂಲೆಯಲ್ಲಿ ಒಂದು ಬೂಡೆ ತೆರೆದಿತ್ತು. ಬೂಡೆ ಅಂದರೆ ನಮ್ಮ ಗೂಡಂಗಡಿಯೇ. ನಲ್ಲಿ ನೀರು ಕುಡಿಯೋಕೆ ಆಗದ ಕಾಲದಲ್ಲಿ ಗಣಿ ಕೆಲಸಗಾರರಿಗೆ ಸೋಡಾ ನೀರು ಮಾರೋಕೆ ಶುರುವಾದವು ಇವು. ಈಗ ಬಿಯರ್, ಪೇಪರ್, ಬಿಡಿ ಬಿಡಿ ಮಿಠಾಯಿ ಸಿಗುತ್ತವೆ. ಕಟ್ಟೆಗೆ ಒರಗಿ ಒಬ್ಬ ಅಜ್ಜ ನಿಂತಿದ್ದರು. ನಮ್ಮನ್ನು ತಲೆಯಿಂದ ಕಾಲಿನವರೆಗೂ ನೋಡಿ "ಗ್ಲ್ಯುಕ್ ಔಫ್" ಅಂದರು. ಗಣಿಯವರ ನಮಸ್ಕಾರ ಅದು. ಎಲ್ಲಿಂದ ಬಂದಿರಿ ಅಂತ ಕೇಳಿದರು. ಗುಡ್ಡದ ಕಡೆ ಕೈ ತೋರಿಸಿದೆ. ಸೈಕಲ್‌ಗೆ ಎಷ್ಟು ಕೊಟ್ಟಿರಿ ಅಂದರು. ಹೇಳಿದೆ. ಅಜ್ಜ ಬಿಯರ್ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕರು.

"ನಾನೂ ದಿನಾ ಹಿಂಗೇ ಮನೆಗೆ ಹೋಗ್ತಿದ್ದೆ. ಆದರೆ ನನಗೆ ಅವರು ದುಡ್ಡು ಕೊಡ್ತಿದ್ರು."

ಗೆಳೆಯನ ಜರ್ಮನ್ ಅಷ್ಟಕ್ಕಷ್ಟೇ. ಅಜ್ಜ ಏನಂದರು ಅಂತ ಕೇಳಿದ. ಕನ್ನಡದಲ್ಲಿ ಹೇಳಿದೆ. ಕಿವಿಯಿಂದ ರಾಡಿ ತೆಗೆಯುತ್ತಾ ಒಂದು ಕ್ಷಣ ಯೋಚನೆ ಮಾಡಿದ.

"ಎಷ್ಟ ಕೊಡ್ತಿದ್ರಂತ? ಕೇಳಲೇ."