ನೆಲ ಒರೆಸುವ ಪಿಟಿ ಪೀರಿಯಡ್

ಇಲ್ಲಿ ಅಮೆರಿಕದಲ್ಲಿ ಮಗಳ ಶಾಲೆಯವರು ಕಳಿಸಿದ ಒಂದು ವಿಡಿಯೋವನ್ನು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದ್ದೆ. ಎರಡನೇ ಕ್ಲಾಸಿನ ಮಕ್ಕಳು ಪುಟ್ಟ ಗಾಲಿ ಹಲಗೆಗಳ ಮೇಲೆ ಬೋರಲು ಮಲಗಿ, ಅಂಗೈಯಿಂದ ನೆಲ ತಳ್ಳುತ್ತಾ ಜಿಮ್, ಅಂದರೆ ಶಾಲೆಯ ಆಟದ ಹಾಲ್, ತುಂಬಾ ಓಡಾಡುತ್ತಿದ್ದರು. ಅಕ್ಕ ಹಾರ್ಟ್ ಕಳಿಸಿದಳು. ಭಾವ ಮಾತ್ರ ಫೋನೇ ಮಾಡಿದರು. "ಏನಯ್ಯಾ ಇದು, ಪಿಟಿ ಪೀರಿಯಡ್ಡಲ್ಲಿ ಮಕ್ಕಳ ಕೈಲಿ ನೆಲ ಒರೆಸ್ತಿದಾರಾ?"

ಭಾವ ಹೈಸ್ಕೂಲಿನಲ್ಲಿ ಪಿಟಿ ಮೇಷ್ಟ್ರಾಗಿದ್ದು ರಿಟೈರ್ ಆದವರು. ಕೊಕ್ಕೊ ಟೀಮನ್ನು ಜಿಲ್ಲಾ ಮಟ್ಟದವರೆಗೆ ಒಯ್ದವರು. ಅದಕ್ಕೇ ಮಾತು ಸ್ವಲ್ಪ ಚುಚ್ಚಿತು. ಫೋನಲ್ಲಿ ನಕ್ಕು ಸುಮ್ಮನಾದೆ. ಇಲ್ಲಿ ಹೇಳಿಬಿಡುತ್ತೇನೆ.

ಈ ಗಾಲಿ ಹಲಗೆಗೆ ಇಲ್ಲಿ ಸ್ಕೂಟರ್‌ಬೋರ್ಡ್ ಅನ್ನುತ್ತಾರೆ. ಸ್ಕೂಟರಿನ ಹಾಗೆ ಹ್ಯಾಂಡಲ್ ಇಲ್ಲ, ಸ್ಕೇಟ್‌ಬೋರ್ಡಿನ ಹಾಗೆ ನಿಂತು ಓಡಿಸುವುದೂ ಅಲ್ಲ. 12 ಇಂಚಿನ ಪ್ಲಾಸ್ಟಿಕ್ ಚೌಕ, ದೊಡ್ಡ ಮಕ್ಕಳಿಗಾದರೆ 16 ಇಂಚು. ಮೂಲೆಗೊಂದರಂತೆ ನಾಲ್ಕು ಗಾಲಿ, ಆಫೀಸಿನ ಕುರ್ಚಿಗೆ ಇರುತ್ತವಲ್ಲ, ಹಾಗೆ ಎತ್ತ ಬೇಕಾದರೂ ತಿರುಗುವಂಥವು. ಎರಡು ಪಕ್ಕದಲ್ಲಿ ಹಿಡಿ. ಅದರ ಮೇಲೆ ಕೂರಬಹುದು, ಮಂಡಿಯೂರಬಹುದು, ಬೋರಲು ಮಲಗಬಹುದು. ನಿಂತರೆ ಮಾತ್ರ ಆಟದಿಂದ ಹೊರಗೆ. ಅಮೆರಿಕದ ಪ್ರೈಮರಿ ಶಾಲೆಗಳ ಜಿಮ್‌ನಲ್ಲಿ ಇವನ್ನು ಒಂದರ ಮೇಲೊಂದು ಪೇರಿಸಿ ಇಟ್ಟಿರುವುದು ತೀರಾ ಸಾಮಾನ್ಯ.

ಒಮ್ಮೆ ಪೋಷಕರನ್ನೂ ಕ್ಲಾಸಿಗೆ ಕರೆದಿದ್ದರು. ಟೀಚರ್ ಬಾಗಿಲಲ್ಲೇ ರಬ್ಬರ್ ಬ್ಯಾಂಡಿನ ಡಬ್ಬಿ ಹಿಡಿದು ನಿಂತಿದ್ದರು. ಉದ್ದ ಕೂದಲಿನವರು ಕಟ್ಟಿಕೊಳ್ಳಬೇಕು, ಶೂ ಲೇಸನ್ನು ಶೂ ಒಳಗೆ ತುರುಕಬೇಕು. ಗಾಲಿಗೆ ಸಿಕ್ಕಿದರೆ ಗೋವಿಂದ. ಸೀಟಿ ಊದಿದ ತಕ್ಷಣ ಎಲ್ಲರೂ ಬೋರ್ಡನ್ನು ಮಗುಚಿ, ಗಾಲಿ ಮೇಲೆ ಮಾಡಿ ಪಕ್ಕದಲ್ಲಿ ಕೂರಬೇಕು. ಅದೇ ಪಾರ್ಕಿಂಗ್.

ಆಮೇಲೆ ಆಟ. ಜಿಮ್‌ನ ಮಧ್ಯೆ ಬೀನ್ ಬ್ಯಾಗುಗಳ, ಅಂದರೆ ಕಾಳು ತುಂಬಿದ ಪುಟ್ಟ ಚೀಲಗಳ ರಾಶಿ. ಸುತ್ತ ಗೋಡೆಯ ಪಕ್ಕ ಜೋಡಿ ಜೋಡಿ ಮಕ್ಕಳು, ಪ್ರತಿ ಜೋಡಿಗೆ ಒಂದು ಬೋರ್ಡು, ತಂದ ಬ್ಯಾಗ್ ಹಾಕೋಕೆ ಒಂದು ಹೂಲಾ ಹೂಪ್ ಬಳೆ. ಒಬ್ಬರು ಬೋರಲು ಮಲಗುತ್ತಾರೆ. ಇನ್ನೊಬ್ಬರು ಅವರ ಕಾಲು ಹಿಡಿದು ರಾಶಿಯ ಕಡೆ ತಳ್ಳುತ್ತಾರೆ. ಮಲಗಿದವರು ಒಂದು ಬ್ಯಾಗ್ ಬಾಚಿಕೊಂಡ ಕೂಡಲೇ ವಾಪಸ್ ಎಳೆಯುತ್ತಾರೆ. ಹಸಿದ ನೀರಾನೆ ಬಾಯಿ ಹಾಕಿದ ಹಾಗೆ ಅಂತ ಆ ಆಟಕ್ಕೆ ಹೆಸರು. ಒಂದು ಸಲ ಹೋಗಿ ಬಂದರೆ ಜಾಗ ಅದಲುಬದಲು. ನನ್ನ ಮಗಳು ಓಟದಲ್ಲಿ ಥೇಟ್ ನನ್ನ ಹಾಗೇ, ಯಾವಾಗಲೂ ಹಿಂದೆ. ಅವತ್ತು ಅವಳ ಜೋಡಿಗೆ ಸಿಕ್ಕ ಹುಡುಗ ಕ್ಲಾಸಿನಲ್ಲೇ ದಪ್ಪಗಿರುವವನು. ತಳ್ಳುವುದಕ್ಕೆ ಅವನಿಗಿಂತ ಬೇಕಾ? ಇವಳನ್ನು ಒಂದೇ ನೂಕಿಗೆ ರಾಶಿಯ ಬುಡಕ್ಕೆ ಮುಟ್ಟಿಸುತ್ತಿದ್ದ. ಅವನ ಸರದಿ ಬಂದಾಗ ಇವಳಿಗೆ ಅವನನ್ನು ಅಲ್ಲಾಡಿಸೋಕೂ ಆಗಲಿಲ್ಲ. ಪಕ್ಕದ ಜೋಡಿಯ ಹುಡುಗಿ ಒಂದು ಕೈ ಕೊಟ್ಟಳು. ಅದು ನಿಯಮದಲ್ಲಿತ್ತೋ ಇಲ್ಲವೋ, ಟೀಚರ್ ನೋಡಿಯೂ ನೋಡದ ಹಾಗೆ ಇದ್ದರು.

ಈ ಹಲಗೆಯ ಗುಟ್ಟು ಇಷ್ಟೇ. ಕಾಲಿನ ಓಟವನ್ನು ಅದು ಆಟದಿಂದ ತೆಗೆದುಬಿಡುತ್ತದೆ. ಕೂತು ಮುಂದೆ ಹೋಗಬೇಕಾದರೆ ಹಿಮ್ಮಡಿ ಊರಿ ಮೈಯನ್ನು ಎಳೆದುಕೊಳ್ಳಬೇಕು, ತೊಡೆಯ ಹಿಂಭಾಗ ಬೇಗ ಸೋಲುತ್ತದೆ. ತಿರುಗಿ ಕೂತು ಹಿಂದಕ್ಕೆ ಹೋದರೆ ಕಾಲಿನಿಂದ ಒದ್ದುಕೊಂಡು ಸುಯ್ಯನೆ ಹೋಗಬಹುದು. ಬೋರಲು ಮಲಗಿದರೆ ಕತ್ತು ಎತ್ತಿಯೇ ಇರಬೇಕು. ಬೆನ್ನಿಗೂ ರಟ್ಟೆಗೂ ಅದು ಎಂಥಾ ಕೆಲಸ ಅಂತ ತಿಳಿಯಬೇಕಾದರೆ ದೊಡ್ಡವರು ಒಂದು ನಿಮಿಷ ಮಲಗಿ ನೋಡಬೇಕು. ಕ್ಲಾಸಿನಲ್ಲಿ ಮೊದಲು ಓಡುವ ಹುಡುಗನೂ ಇಲ್ಲಿ ಒದ್ದಾಡುತ್ತಾನೆ. ಯಾರಿಗೂ ಇದು ಮೊದಲೇ ಬರುವುದಿಲ್ಲ. ಹಾಗಾಗಿ ಯಾರೂ ಮೊದಲೇ ಗೆದ್ದಿರುವುದಿಲ್ಲ.

ಇದು ಸುಮ್ನೆ ಹೊತ್ತು ಕಳೆಯೋ ಆಟವೂ ಅಲ್ಲ. ಜೀನ್ ಏಯರ್ಸ್ ಎಂಬ ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸ ತಾವೇ ಮಾಡಿಕೊಳ್ಳಲು ನೆರವಾಗುವ ಚಿಕಿತ್ಸಕಿ) 1970ರ ದಶಕದಲ್ಲೇ ಮಕ್ಕಳ ಚಿಕಿತ್ಸೆಯಲ್ಲಿ ಇಂಥ ಹಲಗೆ ಬಳಸುತ್ತಿದ್ದರು, ಮೈಯ ತೂಕ ಮತ್ತು ಚಲನೆಯ ಅರಿವು ಚುರುಕಾಗಲಿ ಅಂತ. 1975ರಲ್ಲಿ ಅಂಗವಿಕಲ ಮಕ್ಕಳ ಶಿಕ್ಷಣಕ್ಕೆ ಇಲ್ಲಿ ಬಂದ ಕಾನೂನಿನಲ್ಲಿ ದೈಹಿಕ ಶಿಕ್ಷಣದ ಹೆಸರು ಹಿಡಿದೇ ಬರೆದಿದ್ದಾರೆ. ಆ ಮಕ್ಕಳನ್ನು ಮರದ ಕೆಳಗೆ ಕೂರಿಸಿ "ನೀನು ಎಲ್ಲರ ಚಪ್ಪಲಿ ನೋಡ್ಕೋ" ಅನ್ನುವ ಹಾಗಿಲ್ಲ. ಮಗಳ ಕ್ಲಾಸಿನಲ್ಲಿ ಕಾಲಿಗೆ ಆಸರೆಯ ಬ್ರೇಸ್ ಹಾಕುವ ಒಂದು ಹುಡುಗಿ ಇದ್ದಾಳೆ. ಜಿಮ್‌ನ ಒಂದು ತುದಿಗೆ ಹಗ್ಗ ಕಟ್ಟಿದ್ದರು. ಬೋರ್ಡಿನ ಮೇಲೆ ಮಲಗಿ, ಹಗ್ಗವನ್ನು ಒಂದು ಕೈ ಆದ ಮೇಲೆ ಇನ್ನೊಂದು ಕೈಯಲ್ಲಿ ಹಿಡಿಯುತ್ತಾ ತಮ್ಮನ್ನು ತಾವೇ ಎಳೆದುಕೊಂಡು ಹೋಗಬೇಕು. ಆ ಹುಡುಗಿಯ ರಟ್ಟೆ ನೋಡಬೇಕಿತ್ತು! ಭಾವನ ಕೊಕ್ಕೊ ಟೀಮಿನವರೂ ಹಿಂದೆ ಬೀಳುತ್ತಿದ್ದರು.

ಈಗ ನಮ್ಮ ಪಿಟಿ ಪೀರಿಯಡ್ ನೆನಪು ಮಾಡಿಕೊಳ್ಳಿ. ಮೊದಲನೆಯದಾಗಿ, ಅದು ನಮಗೆ ಸಿಗುತ್ತಿದ್ದದ್ದೇ ಅಪರೂಪ. ಗಣಿತದ ಮೇಷ್ಟ್ರಿಗೆ ಪೋರ್ಷನ್ ಮುಗಿದಿಲ್ಲ ಅಂದರೆ ಮೊದಲು ಹೋಗುತ್ತಿದ್ದದ್ದು ಅದೇ. ಸಿಕ್ಕ ದಿನ ಸಾಲಾಗಿ ನಿಲ್ಲೋದು, ಸಾವಧಾನ್, ವಿಶ್ರಾಮ್. ಆಗಸ್ಟ್ ಹತ್ತಿರ ಬಂದರೆ ಲೇಜಿಮು, ಡಂಬೆಲ್ಸ್. ಆಮೇಲೆ ಇಬ್ಬರು ಕ್ಯಾಪ್ಟನ್‌ಗಳು ಮುಂದೆ ಬಂದು ಒಬ್ಬೊಬ್ಬರನ್ನೇ ಆರಿಸುತ್ತಿದ್ದರು. ನಾನು ಯಾವತ್ತೂ ಕೊನೆಗೆ ಉಳಿಯುವವರ ಪೈಕಿ. "ಇವನನ್ನೂ ನೀನೇ ಇಟ್ಕೋ" ಅಂತ ಒಬ್ಬ, "ನಂಗೆ ಬೇಡಪ್ಪ" ಅಂತ ಇನ್ನೊಬ್ಬ. ಅದು ಎಲ್ಲರ ಎದುರಿಗೇ. ಮೇಷ್ಟ್ರು ಅಲ್ಲೇ ನಿಂತಿರುತ್ತಿದ್ದರು. ಹೋಬಳಿ ಮಟ್ಟಕ್ಕೆ ಯಾರು ಹೋಗುತ್ತಾರೋ ಅವರಿಗೆ ಮೇಷ್ಟ್ರು, ಚೆಂಡು, ಮೈದಾನ. ಉಳಿದವರು ಚಪ್ಪಾಳೆ ತಟ್ಟೋಕೆ.

ಇಲ್ಲೂ ಇದೆಲ್ಲ ಇತ್ತು. ನೀಲ್ ವಿಲಿಯಮ್ಸ್ ಎಂಬ ದೈಹಿಕ ಶಿಕ್ಷಣದ ಪ್ರಾಧ್ಯಾಪಕರು 1992ರಲ್ಲಿ ಶಾಲೆಯಲ್ಲಿ ಆಡಿಸಬಾರದ ಆಟಗಳ ಒಂದು ಪಟ್ಟಿ ಮಾಡಿದರು. ಚೆಂಡಿನಿಂದ ಹೊಡೆದು ಔಟ್ ಮಾಡುವ ಡಾಡ್ಜ್‌ಬಾಲ್ ಅದರಲ್ಲಿತ್ತು. ನಮ್ಮ ಮ್ಯೂಸಿಕಲ್ ಚೇರೂ ಇತ್ತು! ಅವರ ತಕರಾರು ಸರಳ. ಮಗುವಿಗೆ ಎಲ್ಲರ ಎದುರು ಅವಮಾನ ಆಗುತ್ತದಾ? ಔಟಾದವರು ಕೂತು ನೋಡಬೇಕಾಗುತ್ತದಾ? ಯೋಚಿಸಿ ನೋಡಿದರೆ ನಿಜ ಅಲ್ವಾ? ಮ್ಯೂಸಿಕಲ್ ಚೇರಿನಲ್ಲಿ ಮೊದಲು ಔಟಾಗುವುದು ಮೆತ್ತಗಿನ ಮಗು, ಅಂದರೆ ಹೆಚ್ಚು ಆಡಬೇಕಾದ ಮಗು. ಕೊನೆಯವರೆಗೆ ಓಡುವುದು ಆಗಲೇ ಚೂಟಿಯಾಗಿರುವ ಮಗು. ಆ ತಕರಾರಿನ ಪ್ರಕಾರ ನೋಡಿದರೆ ಸ್ಕೂಟರ್‌ಬೋರ್ಡಿನ ರಿಲೇಯೂ ಅಷ್ಟೇನೂ ಒಳ್ಳೆಯದಲ್ಲ. ಹತ್ತು ಮಕ್ಕಳ ಸಾಲಿಗೆ ಒಂದು ಬೋರ್ಡ್ ಕೊಟ್ಟರೆ ಒಂಬತ್ತು ಜನ ನಿಂತು ನೋಡುತ್ತಾರೆ. ತಿಳಿದ ಟೀಚರ್ ಇಬ್ಬರಿಗೋ ಮೂವರಿಗೋ ಒಂದು ಕೊಡುತ್ತಾರೆ.

ಭಾವನಿಗೆ ಇಷ್ಟು ಹೇಳಿದರೆ ಅವರು ಏನನ್ನುತ್ತಾರೆ ಅಂತ ಗೊತ್ತು. "ಅರವತ್ತು ಮಕ್ಕಳು, ಒಂದು ಚೆಂಡು, ಒಂದು ಸೀಟಿ. ನೀನು ಬಂದು ಆಡ್ಸು ನೋಡೋಣ." ಇದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ಈ ಗಾಲಿಗೆ ನುಣುಪಾದ ನೆಲ ಬೇಕು. ಜಲ್ಲಿ ತುಂಬಿದ ನಮ್ಮ ಮೈದಾನದಲ್ಲಿ ಅದು ಒಂದು ಮಾರೂ ಹೋಗದು.

ಇನ್ನೊಂದು ಮಾತೂ ಇದೆ. ಅದನ್ನು ಒಪ್ಪಿಕೊಳ್ಳೋಕೆ ಮನಸ್ಸಿಲ್ಲ, ಆದರೂ ಹೇಳುತ್ತೇನೆ. ಇಲ್ಲಿ ಸೀಟಿ ಊದಿದರೆ ಆಟ, ಇನ್ನೊಂದು ಸಲ ಊದಿದರೆ ಪಾರ್ಕಿಂಗ್. ಯಾವ ಮಗುವೂ "ಹಂಗಲ್ಲ, ಹಿಂಗಾಡೋಣ" ಅಂತ ನಿಯಮ ಬದಲಿಸಿದ್ದು ನಾನು ನೋಡಿಲ್ಲ. ನಾವು ಅಡಿಕೆ ಹಾಳೆ ಮೇಲೆ ತಮ್ಮನನ್ನು ಕೂರಿಸಿ ಎಳೆದದ್ದು ಯಾವ ಮೇಷ್ಟ್ರೂ ಹೇಳಿಕೊಟ್ಟಿದ್ದಲ್ಲ. ಎಳೆಯುವವರು ಯಾರು, ಕೂರುವವರು ಯಾರು, ಇಳಿಜಾರಲ್ಲಿ ಎಲ್ಲಿ ಹಾರಬೇಕು, ಎಲ್ಲಾ ಜಗಳದಲ್ಲೇ ತೀರ್ಮಾನ. ಚಡ್ಡಿ ಹರಿಯುತ್ತಿತ್ತು, ಮನೆಯಲ್ಲಿ ಬೈಗುಳವೂ ಬೀಳುತ್ತಿತ್ತು. ನನ್ನನ್ನು ಪಿಟಿ ಪೀರಿಯಡ್ಡಲ್ಲಿ ಕೊನೆಗೆ ಬಿಟ್ಟ ಹುಡುಗರೇ ಸಂಜೆ ಹಾಳೆ ಎಳೆಯೋಕೆ ಕೂಗಿ ಕರೆಯುತ್ತಿದ್ದರು. ಇಲ್ಲಿ ಶಾಲೆ ಬಿಟ್ಟ ಮೇಲೆ ಮಗಳು ಗೆಳತಿಯ ಜೊತೆ ಆಡಬೇಕಾದರೆ ಇಬ್ಬರು ಅಮ್ಮಂದಿರು ಕ್ಯಾಲೆಂಡರ್ ನೋಡಿ ದಿನ ಗೊತ್ತು ಮಾಡಬೇಕು. ಪ್ರೈಮರಿ ಮಕ್ಕಳಿಗೆ ವಾರಕ್ಕೆ 150 ನಿಮಿಷ ದೈಹಿಕ ಶಿಕ್ಷಣ ಇರಲಿ ಎಂದು ಇಲ್ಲಿನ ದೈಹಿಕ ಶಿಕ್ಷಕರ ಸಂಘವೇ ಹೇಳುತ್ತದೆ. ಮಗಳ ಶಾಲೆಯಲ್ಲಿ ಅದರ ಅರ್ಧವೂ ಸಿಗುವುದಿಲ್ಲ. ಭಾವ ಈ ಭಾಗ ಓದಿದರೆ ಮೀಸೆಯಲ್ಲೇ ನಗುತ್ತಾರೆ.

ಆದರೂ ತೂಗಿ ನೋಡಿದರೆ ನನ್ನ ಓಟು ಹಲಗೆಗೇ. ಸಂಜೆಯ ಆಟ ಮಕ್ಕಳು ಹೇಗೋ ಕಟ್ಟಿಕೊಳ್ಳುತ್ತಾರೆ. ಶಾಲೆಯ ಪೀರಿಯಡ್ಡಲ್ಲಿ ಮಾತ್ರ ದೊಡ್ಡವರು ಎದುರಿಗಿದ್ದೂ ಒಂದು ಮಗು ಯಾರಿಗೂ ಬೇಡವಾಗಿ ನಿಲ್ಲಬಾರದು.

ರಾಜ್ಯೋತ್ಸವಕ್ಕೆ ನಮ್ಮ ಕನ್ನಡ ಕೂಟದಲ್ಲಿ ಮಕ್ಕಳ ಆಟದ ಜವಾಬ್ದಾರಿ ಈ ಸಲ ನನಗೆ ಬಿದ್ದಿದೆ. ಮ್ಯೂಸಿಕಲ್ ಚೇರ್ ಇಲ್ಲದೆ ಇಲ್ಲಿನ ಕನ್ನಡಿಗರಿಗೆ ರಾಜ್ಯೋತ್ಸವ ಆಗುವುದೇ ಇಲ್ಲ. ಹಾಗಾಗಿ ಆಟ ಇರಲಿ, ಕುರ್ಚಿ ತೆಗೆಯುತ್ತಾ ಹೋಗೋಣ, ಮಕ್ಕಳನ್ನು ತೆಗೆಯೋದು ಬೇಡ, ಉಳಿದ ಕುರ್ಚಿಗಳಲ್ಲೇ ಎಲ್ಲರೂ ಒಬ್ಬರ ಮೇಲೊಬ್ಬರು ಕೂತು ಹೊಂದಿಸಿಕೊಳ್ಳಲಿ ಎಂದೆ. ಕಮಿಟಿಯವರು ಒಪ್ಪಿದರು. ಆಮೇಲೆ ಖಜಾಂಚಿ ಕೇಳಿದರು, "ಅದೆಲ್ಲ ಸರಿ ಸಾರ್, ಫಸ್ಟ್ ಪ್ರೈಜ್ ಯಾರಿಗೆ ಕೊಡೋದು?"